ಕ್ಯಾಡಿಸ್ ನೊಣಕ್ಕೆ ಗರಿಯ ರೆಕ್ಕೆ ಸೀಳದಂತೆ ಕಟ್ಟುವುದು ಹೇಗೆ?

ಹೊಸಗಾಳ:
ಮೀನು ಹಿಡಿಯಲು ಕೊಕ್ಕೆಗೆ ಗರಿ, ಕೂದಲು ಕಟ್ಟಿ ಮಾಡುವ ಹುಸಿ ನೊಣಗಳಲ್ಲಿ ಕ್ಯಾಡಿಸ್ (ತೊರೆಯ ಬಳಿಯ ಪತಂಗದಂಥ ಹುಳು) ಒಂದು. ಎಲ್ಕ್ (ದೊಡ್ಡ ಜಿಂಕೆ) ಕೂದಲು ಬಿಟ್ಟು ಬರೀ ಗರಿಯಲ್ಲೇ ಅದನ್ನು ಕಟ್ಟಬೇಕು ಅಂತ ಆಸೆ. ಕೊಕ್ಕೆ 14ನೇ ನಂಬರು. ಬಾತುಕೋಳಿಯ ರೆಕ್ಕೆಗರಿಯಿಂದ ಎರಡು ಪಟ್ಟಿ ಕತ್ತರಿಸಿ ಆಚೆ ಒಂದು, ಈಚೆ ಒಂದು ಕಟ್ಟುತ್ತೇನೆ. ಮೇಜಿನ ಮೇಲೆ ಚೆಂದವಾಗೇ ಇರುತ್ತದೆ. ನಾಲ್ಕು ಸಲ ಬೀಸುವಷ್ಟರಲ್ಲಿ ರೆಕ್ಕೆ ಎಳೆ ಎಳೆಯಾಗಿ ಸೀಳುತ್ತದೆ, ತುದಿದಾರವೂ (ನೊಣಕ್ಕೆ ಕಟ್ಟುವ ತೆಳು ದಾರ) ಹುರಿಗಟ್ಟುತ್ತದೆ. ಹ್ಯಾಕಲ್ (ಮೈಗೆ ಸುತ್ತುವ ಕೋಳಿಗರಿ) ಜಾಸ್ತಿ ಸುತ್ತಬೇಕಾ?

ನೊಣಕಟ್ಟು:
ಪಾಪ, ಹ್ಯಾಕಲ್ ಏನು ಮಾಡೀತು! ಎರಡು ಪಟ್ಟಿ ಒಂಚೂರು ಹೆಚ್ಚುಕಡಿಮೆ ಆದರೂ ನೊಣ ಗಾಳಿಯಲ್ಲಿ ಗಿರಗಿರ ತಿರುಗುತ್ತದೆ. ದಾರ ಹುರಿಗಟ್ಟದೆ ಇನ್ನೇನು? ಕ್ಯಾಡಿಸ್ ಕೂತಾಗ ನೋಡಿದ್ದೀರಲ್ವಾ, ರೆಕ್ಕೆಗಳು ಬೆನ್ನಿನ ಮೇಲೆ ಹೆಂಚಿನ ಮಾಡಿನ ಹಾಗೆ ಇಳಿಜಾರಾಗಿರುತ್ತವೆ. ಅದಕ್ಕೆ ಒಂದೇ ಗರಿ ಸಾಕು.

ಹೇಂಟೆಯ ಬೆನ್ನಿನ ಗರಿ ತಗೊಳ್ಳಿ. ಬುಡದ ನವಿರು ತುಪ್ಪಳ ಕಿತ್ತುಹಾಕಿ. ತೆಳು ವಾರ್ನಿಶ್‌ನಲ್ಲಿ ಬೆರಳು ಅದ್ದಿ, ಬುಡದಿಂದ ತುದಿಗೆ ನೀವಿ. ಗರಿ ಕೈಯಲ್ಲೇ ಕಿರಿದಾಗುತ್ತಾ ಬರುತ್ತದೆ, ಎಳೆಗಳು ಅಂಟಿಕೊಳ್ಳುತ್ತವೆ. ಪೂರ್ತಿ ಒಣಗಿದ ಮೇಲೆ ನಡುದಂಟಿನ ಗುಂಟ ಮೆಲ್ಲಗೆ ಮಡಚಿ, ತುದಿಯಲ್ಲಿ ಸಣ್ಣ ಕಚ್ಚು ಕತ್ತರಿಸಿ. ಇನ್ನು ಸೀಳುವುದಿಲ್ಲ. ರೆಕ್ಕೆ ಕೊಕ್ಕೆಯ ಬಾಗು ದಾಟಿ ಸ್ವಲ್ಪವೇ ಹೊರಗೆ ಬರಲಿ. ಉದ್ದ ಬಿಟ್ಟರೆ ಬಾಗಿಗೇ ಸುತ್ತಿಕೊಳ್ಳುತ್ತದೆ.

ಮುಖ್ಯವಾದದ್ದು ಇದು: ಮೈಗೆ ಸುತ್ತಿದ ಹ್ಯಾಕಲ್‌ನ ಮೇಲ್ಭಾಗದ ಎಳೆಗಳನ್ನು ಕತ್ತರಿಸಿ ಬೋಳು ಮಾಡಿ, ಆಮೇಲೆ ರೆಕ್ಕೆ ಕೂರಿಸಿ. ಇಲ್ಲದಿದ್ದರೆ ಅದು ಎದ್ದು ನಿಲ್ಲುತ್ತದೆ. ಅಮೆರಿಕದ ನೊಣಕಟ್ಟುಗಾರ ಆಲ್ ಟ್ರಾತ್ 1957ರಲ್ಲಿ ಕಟ್ಟಿದ ಎಲ್ಕ್ ಕ್ಯಾಡಿಸ್‌ನಲ್ಲೂ ಮೈಯುದ್ದಕ್ಕೂ ಹ್ಯಾಕಲ್, ಮೇಲೆ ರೆಕ್ಕೆ. ನಿಮ್ಮದರಲ್ಲಿ ಕೂದಲಿನ ಜಾಗಕ್ಕೆ ಗರಿ, ಅಷ್ಟೇ. ಬಾಲ ಮಾತ್ರ ಬೇಡ, ಕ್ಯಾಡಿಸ್‌ಗೆ ಬಾಲವೇ ಇಲ್ಲ.

ತೊರೆದಂಡೆ:
ವಾರ್ನಿಶ್ ಗೊಡವೆ ಯಾಕೆ? ಸಿಡಿಸಿ ಗರಿ ಬಳಸಿ. ಬಾತಿನ ಬಾಲದ ಬುಡದಲ್ಲಿ ಎಣ್ಣೆಗ್ರಂಥಿ ಇದೆಯಲ್ಲ, ಅದರ ಸುತ್ತ ಸಿಗುವ ಗರಿ. ಎರಡು ಮೂರು ಒಟ್ಟಿಗೆ ಹಿಡಿದು ಮೇಲೆ ಕಟ್ಟಿದರೆ ಮುಗಿಯಿತು. ಅದರ ಸಣ್ಣ ಸಣ್ಣ ಎಳೆಗಳು ಗಾಳಿ ಹಿಡಿದಿಟ್ಟುಕೊಳ್ಳುತ್ತವೆ, ತಾನೇ ತೇಲುತ್ತದೆ. ತೇಲಿಸುವ ಜೆಲ್ ಮಾತ್ರ ಹಚ್ಚಲೇಬೇಡಿ, ಎಳೆಗಳೆಲ್ಲ ಮುದ್ದೆಯಾಗುತ್ತವೆ. ಮೀನು ಹಿಡಿದ ಮೇಲೆ ಲೋಳೆ ತೊಳೆದು, ಬಟ್ಟೆಯಲ್ಲಿ ಒತ್ತಿ, ನೀರು ಹೀರುವ ಒಣಪುಡಿ ಹಾಕಿ.

ಹೊಸಗಾಳ:
ಸಿಡಿಸಿ ಇದ್ದರೆ ಹ್ಯಾಕಲ್ ಬೇಡವೇ ಬೇಡವಾ?

ನೊಣಕಟ್ಟು:
ನಿಂತ ನೀರಿಗೆ ಬೇಡ. ರಭಸದ ನೀರಿನಲ್ಲಿ ಬರೀ ಸಿಡಿಸಿ ಬೇಗ ನೆನೆಯುತ್ತದೆ, ಅಲ್ಲಿ ಹ್ಯಾಕಲ್ ಬೇಕು. ಎಳೆಯ ಉದ್ದ ಕೊಕ್ಕೆಯ ಬಾಯಗಲದ ಒಂದೂವರೆ ಪಟ್ಟು ಮೀರದಿರಲಿ. ಮೇಲೆ ಸಣ್ಣ ತಂತಿಯನ್ನು ಎದುರು ದಿಕ್ಕಿಗೆ ಸುತ್ತಿ. ಮೀನಿನ ಹಲ್ಲಿಗೆ ಹ್ಯಾಕಲ್ ದಂಟು ತುಂಡಾದರೂ ಬಿಚ್ಚಿಕೊಳ್ಳುವುದಿಲ್ಲ. ಕಟ್ಟಲು ಶುರು ಮಾಡುವಾಗಲೇ ಕೊಕ್ಕೆಯ ಕಣ್ಣಿನ ಹಿಂದೆ ಎರಡು ಕಣ್ಣಿನಷ್ಟು ಜಾಗ ಬಿಡಿ. ತಲೆ ಕಟ್ಟಲು ಜಾಗ ಸಾಲದೆ ಕಣ್ಣು ಮುಚ್ಚಿಹೋದರೆ ದಾರ ಪೋಣಿಸುವುದು ಎಲ್ಲಿಗೆ?