ಹಳ್ಳದ ಬಂಡೆ ಮೇಲೆ ಕಾಲು ಚಾಚೋ ಕಪ್ಪೆ: ಹೂಳು ತೆಗೆಸಬಹುದಾ?

ಹಳ್ಳದಂಚು:
ಮೂಡಿಗೆರೆ ಕಡೆ ಕಾಫಿ ತೋಟ, ಒಳಗೆ ವರ್ಷಪೂರ್ತಿ ಹರಿಯೋ ಹಳ್ಳ. ಒದ್ದೆ ಬಂಡೆಗಳ ಮೇಲೆ ಒಂದಿಂಚಿನ ಕಂದು ಕಪ್ಪೆಗಳು. ಹಗಲಲ್ಲೇ ಕೂಗ್ತವೆ, ಆಗಾಗ ಹಿಂಗಾಲು ಚಾಚಿ ಬೆರಳು ಅಗಲಿಸ್ತವೆ. ಇದು ಕೊಟ್ಟಿಗೆಹಾರದ ಕುಣಿಯೋ ಕಪ್ಪೆನಾ? ಡಿಸೆಂಬರಲ್ಲಿ ಜೆಸಿಬಿ ಇಳಿಸಿ ಹೂಳು ತೆಗೆಸೋ ಯೋಚನೆ ಇದೆ.

ಗೊದಮೊಟ್ಟೆ:
ಕಾಲು ಚಾಚೋದು ಗಂಡು. ನೀರಿನ ಸದ್ದಲ್ಲಿ ಕೂಗೊಂದೇ ಸಾಲದು, ಅದಕ್ಕೇ ಬೆರಳ ನಡುವಿನ ತಿಳಿಬಣ್ಣದ ಜಾಲ ಬಿಚ್ಚಿ ಪಕ್ಕದ ಗಂಡಿಗೆ ‘ಇದು ನನ್ನ ಜಾಗ’ ಅಂತ ತೋರಿಸುತ್ತೆ. ಮೈಕ್ರಿಕ್ಸಾಲಸ್ ಕುಲದ್ದು, ಅಂದ್ರೆ ಕುಣಿಯೋ ಕಪ್ಪೆಗಳ ಗುಂಪಿನದ್ದು ಅನ್ನೋದರಲ್ಲಿ ಅನುಮಾನ ಕಡಿಮೆ. ಆದ್ರೆ ಕೊಟ್ಟಿಗೆಹಾರದ್ದೇ ಅಂತ ಫೋಟೊ ನೋಡಿ ಹೇಳಬಾರದು. ಪ್ರಾಣಿವಿಜ್ಞಾನಿ ಸಿ.ಆರ್. ನಾರಾಯಣ ರಾವ್ ಕೊಟ್ಟಿಗೆಹಾರದ್ದನ್ನ ವಿವರಿಸಿದ್ದು 1937ರಲ್ಲಿ. 2014ರಲ್ಲಿ ಒಂದೇ ಏಟಿಗೆ ಈ ಕುಲಕ್ಕೆ 14 ಹೊಸ ಪ್ರಭೇದ ಸೇರಿದವು. ಮೈಬಣ್ಣ ನಂಬೋ ಹಾಗಿಲ್ಲ. ಕೂಗು ರೆಕಾರ್ಡ್ ಮಾಡಿ, ಜಾಗ ಮತ್ತು ತಾರೀಕು ಬರೆದಿಡಿ. ಹಿಡಿಯೋಕೆ ಹೋಗಬೇಡಿ.

ತೊಟ್ಟಿಲುಗುಂಡಿ:
ಹೆಸರು ಯಾವುದಾದ್ರೂ ಇರಲಿ, ಜೆಸಿಬಿ ಬೇಡ. ಹೆಣ್ಣು ತೆಳುನೀರಿನ ಗರಸನ್ನ ಹಿಂಗಾಲಲ್ಲಿ ಕೆದರಿ, ಮೊಟ್ಟೆಯಿಟ್ಟು, ಅದೇ ಗರಸಿಂದ ಮುಚ್ಚಿಬಿಡುತ್ತೆ. ಮಳೆಯ ರಭಸ ಇಳಿದ ಮೇಲಿನ ತಿಂಗಳುಗಳೇ ಅದಕ್ಕೆ ಕಾಲ; ನಿಮ್ಮ ಡಿಸೆಂಬರ್ ಅದರೊಳಗೇ ಬಂತು. ಗೊದಮೊಟ್ಟೆಗಳೂ ಮೇಲೆ ಈಜಾಡಲ್ಲ. ಕೇರಳದ ಒಂದು ಪ್ರಭೇದದಲ್ಲಿ 2016ರಲ್ಲಿ ಗೊತ್ತಾದ ಹಾಗೆ, ಕಣ್ಣಿನ ಮೇಲೆ ಚರ್ಮ ಹೊದ್ದು, ಹಾವುಮೀನಿನ ಹಾಗೆ ಗರಸಿನ ಕತ್ತಲಲ್ಲೇ ಹರಿದಾಡ್ತಾವೆ. ಹಳ್ಳದಲ್ಲಿ ಏನೂ ಕಾಣ್ತಿಲ್ಲ ಅಂದ್ರೆ ಏನೂ ಇಲ್ಲ ಅಂತಲ್ಲ.

ಹಾಗಂತ ಹೂಳೂ ಒಳ್ಳೇದಲ್ಲ. ನುಣುಪು ಮಣ್ಣು ಗರಸಿನ ಸಂದಿ ಕಟ್ಟಿದ್ರೆ ಒಳಗೆ ನೀರಾಡದೆ ಮೊಟ್ಟೆ ಸಾಯುತ್ತೆ. ಮಣ್ಣು ಎಲ್ಲಿಂದ ಬರ್ತಿದೆ ನೋಡಿ. ಸಾಮಾನ್ಯವಾಗಿ ತೋಟದ ರಸ್ತೆಯ ಚರಂಡಿ. ಅದನ್ನ ಹಳ್ಳಕ್ಕೆ ನೇರ ಬಿಡದೆ ಮೇಲೇ ತೊಟ್ಟಿಲುಗುಂಡಿಗೆ (ಹರಿಯೋ ನೀರು, ಮಣ್ಣು ತಡೆಯೋಕೆ ತೋಟದಲ್ಲಿ ತೋಡೋ ಗುಂಡಿ) ತಿರುಗಿಸಿ, ಪ್ರತಿ ಬೇಸಿಗೆ ಗುಂಡಿಯ ಮಣ್ಣು ಎತ್ತಿಸಿ. ಹಳ್ಳದಲ್ಲಿ ಪಂಪಿನ ಬಾಯಿ ಹತ್ತಿರದ ಕೆಸರನ್ನಷ್ಟೇ ಬುಟ್ಟಿಯಲ್ಲಿ ತೆಗೆಸಿ. ಗರಸು, ಬಂಡೆ ಇದ್ದಲ್ಲೇ ಇರಲಿ.

ಮರಗಸಿ:
ಹಳ್ಳದ ಎರಡೂ ದಡದ ಮರಗಳಿಗೆ ಮರಗಸಿ (ನೆರಳು ಮರದ ಕೊಂಬೆ ಕಡಿಯೋದು) ಬೇಡ. ನೆರಳು ಹೋದ್ರೆ ಬಂಡೆ ಒಣಗುತ್ತೆ, ನೀರು ಕಾಯುತ್ತೆ. ಫೆಬ್ರವರಿ–ಮಾರ್ಚಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಹರಿವು ಕಡಿಯೋ ಮಟ್ಟಕ್ಕೆ ಎಳೀಬೇಡಿ.

ಹಳ್ಳದಂಚು:
ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಯಂತ್ರ) ನೀರನ್ನ ಈ ಬಂಡೆಗಳಿಗಿಂತ ಕೆಳಗೆ ಬಿಡ್ತೀವಿ. ಸಾಕಲ್ವಾ?

ತೊಟ್ಟಿಲುಗುಂಡಿ:
ಸಾಲದು. ಸಿಪ್ಪೆಯ ರಸ, ಲೋಳೆ ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತೆ, ಕೆಳಗಿನವರ ಹಳ್ಳದಲ್ಲೂ ಇದೇ ಕಪ್ಪೆ ಇರಬಹುದು. ಹಳ್ಳದಿಂದ ದೂರ ಗುಂಡಿ ಮಾಡಿ, ಸುಣ್ಣ ಹಾಕಿ ಹುಳಿ ಇಳಿಸಿ. ಅದಾದ ಮೇಲೂ ಹಳ್ಳಕ್ಕೆ ಬಿಡಬೇಡಿ.