ಕ್ಯಾಪಿಟಲ್ ಅಂಗಳದ ಕಲ್ಲು ಓದಿ ಬಂದ ಮಗಳು ಕೇಳಿದ್ದಕ್ಕೆ ಏನು ಹೇಳಲಿ?

ಕಾವೇರಿ ಸೀಮೆ, ರೌಂಡ್ ರಾಕ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ನನ್ನ ಮಗಳು ನಾಲ್ಕನೇ ಕ್ಲಾಸು. ಈ ವರ್ಷ ಟೆಕ್ಸಸ್ ಚರಿತ್ರೆ ಪಾಠ ಇರೋದ್ರಿಂದ ಗುರುವಾರ ಸ್ಕೂಲಿಂದ ಆಸ್ಟಿನ್ ಕ್ಯಾಪಿಟಲ್‌ಗೆ, ಅಂದ್ರೆ ಟೆಕ್ಸಸ್‌ನ ವಿಧಾನಸೌಧಕ್ಕೆ, ಕರ್ಕೊಂಡು ಹೋಗಿದ್ರು. ಅಲ್ಲಿ ಉತ್ತರದ ಕಡೆ ಅಂಗಳದಲ್ಲಿ ಬೈಬಲ್‌ನ ಹತ್ತು ಆಜ್ಞೆಗಳ ಕಲ್ಲಿದೆಯಲ್ಲ, ಅದರ ಮುಂದೆ ನಿಂತು ಮಕ್ಕಳೆಲ್ಲ ಓದಿದ್ದಾರೆ. ನನ್ನ ಬಿಟ್ಟು ಬೇರೆ ದೇವರು ನಿನಗಿರಬಾರದು, ವಿಗ್ರಹ ಮಾಡಿಕೊಳ್ಳಬಾರದು ಅಂತ ಅದರಲ್ಲಿ ಕೆತ್ತಿದೆ. ಜೊತೆಗಿದ್ದ ಗೆಳತಿ, "ನಿಮ್ಮನೇಲಿ ಆನೆ ಮುಖದ ಮೂರ್ತಿ ಇದೆಯಲ್ಲ, ಅದು ಮಾಡಬಾರದಂತೆ ನೋಡು" ಅಂದಳಂತೆ. ಜಗಳಕ್ಕೆ ಅಂದಿದ್ದಲ್ಲ. ನಮ್ಮನೆಗೆ ಬಂದು ಚಕ್ಲಿ ತಿಂದು ಹೋಗೋ ಹುಡುಗಿ, ಓದಿದ್ದನ್ನ ಹೇಳಿದ್ದಾಳೆ ಅಷ್ಟೆ.

ರಾತ್ರಿ ದೀಪ ಹಚ್ಚುವಾಗ ಇವಳು ಕೇಳಿದಳು: "ಅಮ್ಮ, ಅದು ಗೌರ್ಮೆಂಟ್ ಜಾಗ ಅಲ್ವಾ? ಹಾಗಾದ್ರೆ ಗಣಪತಿ ಇಟ್ಕೊಳ್ಳೋದು ಇಲ್ಲಿ ಕಾನೂನು ಪ್ರಕಾರ ತಪ್ಪಾ?" ನನಗೆ ಬಾಯಿಗೆ ಏನೂ ಬರಲಿಲ್ಲ. ಊಟಕ್ಕೆ ಬಾ ಅಂತ ಮಾತು ಮರೆಸಿದೆ.

ನಾನು ಕೇಳೋದು ಎರಡೇ. ಮಗುಗೆ ಏನು ಹೇಳಬೇಕು? ಟೀಚರ್‌ಗೆ ಒಂದು ಮೇಲ್ ಹಾಕಬಹುದಾ? ನಮ್ಮನೆಯವರು ಬೇಡ ಅಂತಾರೆ. ನಮ್ಮದಿನ್ನೂ ಎಚ್-1ಬಿ ಕೆಲಸದ ವೀಸಾ, ಗ್ರೀನ್ ಕಾರ್ಡ್ ಸಾಲಿನಲ್ಲೇ ಇದ್ದೀವಿ, ಸುಮ್ಮನೆ ಯಾಕೆ ಕಣ್ಣಿಗೆ ಬೀಳೋದು ಅಂತ.

ಮಂಡ್ಯದವನು, ಫ್ರಿಸ್ಕೊ

ಸಿಸ್ಟರ್, ತಲೆ ಕೆಡಿಸ್ಕೋಬೇಡಿ. ನಮ್ಮ ಹುಡುಗನೂ ಇಂಥವೇ ಕೇಳ್ತಿದ್ದ, ಭಾನುವಾರ ಮಕ್ಕಳಿಗೆ ನಮ್ಮ ಧರ್ಮ, ಸಂಸ್ಕೃತಿ ಹೇಳ್ಕೊಡೋ ಬಾಲವಿಹಾರಕ್ಕೆ ಹಾಕಿದ್ವಿ, ಎಲ್ಲ ಸರಿಹೋಯ್ತು. ನೀವೂ ಹಾಕಿ.

ತುಂಗೆ ದಡ, ಆಸ್ಟಿನ್

ನಾನು ಆ ಕಲ್ಲಿನ ಪಕ್ಕದಲ್ಲೇ ದಿನಾ ಮಧ್ಯಾಹ್ನ ನಡೆಯೋಳು, ನನ್ನ ಆಫೀಸು ಅಲ್ಲೇ ಹತ್ತಿರ. ಅದರ ಕತೆ ಗೊತ್ತಿದ್ದರೆ ಮಗಳಿಗೆ ಹೇಳೋದು ಸುಲಭ ಆಗುತ್ತೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೀತೀನಿ.

ಆರಡಿ ಎತ್ತರದ ಕಲ್ಲು ಅದು. ಫ್ರಾಟರ್ನಲ್ ಆರ್ಡರ್ ಆಫ್ ಈಗಲ್ಸ್ ಅನ್ನೋ ಸಂಘದವರು 1961ರಲ್ಲಿ ರಾಜ್ಯಕ್ಕೆ ಕೊಟ್ಟಿದ್ದು. ಅದನ್ನ ತೆಗೆಸಬೇಕು ಅಂತ ಕೋರ್ಟಿಗೆ ಹೋದವರು ಥಾಮಸ್ ವಾನ್ ಆರ್ಡನ್. ಒಂದು ಕಾಲಕ್ಕೆ ವಕೀಲರಾಗಿದ್ದರು, ಆಮೇಲೆ ಮನೆ ಇಲ್ಲದೆ ಇದ್ದವರು. ಅಲ್ಲೇ ಇರೋ ಕಾನೂನು ಲೈಬ್ರರಿಗೆ ಹೋಗಿ ಬರುವಾಗ ಈ ಕಲ್ಲು ದಾಟಿ ಹೋಗ್ತಿದ್ದರು. ಲೈಬ್ರರಿಯಲ್ಲೇ ಕೂತು ತಮ್ಮ ಕೇಸು ತಾವೇ ಬರೆದರು, ಅದು ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. 2005ರ ಜೂನ್ 27ರಂದು ಐದು ಜನ ಜಡ್ಜ್‌ಗಳು ಕಲ್ಲಿನ ಪರ, ನಾಲ್ಕು ಜನ ವಿರುದ್ಧ. ಕಲ್ಲು ಉಳೀತು. ಆದರೆ ಅದೇ ದಿನ ಅದೇ ಕೋರ್ಟು ಕೆಂಟಕಿಯ ಎರಡು ಕೌಂಟಿ ಕೋರ್ಟ್‌ಹೌಸ್‌ಗಳಲ್ಲಿ ತೂಗುಹಾಕಿದ್ದ ಹತ್ತು ಆಜ್ಞೆಗಳನ್ನ ಇಡಕೂಡದು ಅಂತ ಹೇಳಿತು. ಅಲ್ಲೂ ಐದು-ನಾಲ್ಕು.

ಎರಡೂ ಕಡೆ ಬಹುಮತಕ್ಕೆ ಸೇರಿದ್ದು ಜಸ್ಟಿಸ್ ಬ್ರೇಯರ್ ಒಬ್ಬರೇ. ಅವರ ಲೆಕ್ಕ ಹೀಗಿತ್ತು: ಆಸ್ಟಿನ್ ಕಲ್ಲು 22 ಎಕರೆ ಅಂಗಳದಲ್ಲಿ ಬೇರೆ ಹದಿನಾರು ಸ್ಮಾರಕಗಳ ಜೊತೆ ಇದೆ, ನಲವತ್ತು ವರ್ಷ ಯಾರೂ ತಕರಾರು ತೆಗೆದಿರಲಿಲ್ಲ; ಕೆಂಟಕಿಯಲ್ಲಿ ಹಾಕಿದವರ ಉದ್ದೇಶವೇ ಧರ್ಮ. ಇನ್ನೊಂದು ಮಾತನ್ನೂ ಬರೆದಿದ್ದಾರೆ, ಅದು ನಿಮಗೆ ಬೇಕಾದ್ದು. ಈ ಕಲ್ಲು ಶಾಲೆಯ ಅಂಗಳದಲ್ಲಿಲ್ಲ, ಶಾಲೆಯಾದರೆ ಮಕ್ಕಳ ಮನಸ್ಸು ಎಳೆಯದು, ಅಲ್ಲಿ ಸರ್ಕಾರ ಹೆಚ್ಚು ಎಚ್ಚರದಿಂದ ಇರಬೇಕು ಅಂತ.

ಮಗಳಿಗೆ ಹೀಗೆ ಹೇಳಿ: "ಅದು ಕಾನೂನಲ್ಲ ಪುಟ್ಟಿ. ತುಂಬಾ ಜನ ನಂಬೋ ಒಂದು ಹಳೆಯ ಮಾತನ್ನ ಕಲ್ಲಲ್ಲಿ ಬರೆದು ಕೊಟ್ಟಿದ್ದಾರೆ. ಈ ದೇಶದ ನಿಜವಾದ ಕಾನೂನು, ಸಂವಿಧಾನದ ಫಸ್ಟ್ ಅಮೆಂಡ್‌ಮೆಂಟ್ (ಮೊದಲ ತಿದ್ದುಪಡಿ), 1791ರಿಂದ ಇದೆ. ನೀನು ಯಾವ ದೇವರಿಗೆ ಕೈ ಮುಗೀಬೇಕು, ಮುಗೀಬಾರದು ಅಂತ ಹೇಳೋ ಅಧಿಕಾರ ಸರ್ಕಾರಕ್ಕಿಲ್ಲ." ಟೀಚರ್‌ಗೆ ಖಂಡಿತ ಬರೀರಿ, ನಾಲ್ಕೇ ಸಾಲು. ಕಲ್ಲು ತೆಗೀರಿ ಅಂತಲ್ಲ. ಮಗು ಹೀಗೆ ಅಂದ್ಕೊಂಡಿದ್ದಾಳೆ, ಅದು ಕಾನೂನಲ್ಲ ಅನ್ನೋದನ್ನ ಕ್ಲಾಸಿನಲ್ಲಿ ಒಂದು ಮಾತು ಹೇಳಿ ಅಂತ. ಟೀಚರ್‌ಗೆ ಮೇಲ್ ಹಾಕಿದ್ದಕ್ಕೂ ಗ್ರೀನ್ ಕಾರ್ಡ್‌ಗೂ ಸಂಬಂಧ ಇಲ್ಲ.

ಹಿರಿಯ ಧಾರವಾಡಿಗ, ಹ್ಯೂಸ್ಟನ್

ತಂಗೀ, ನಾ ಈ ದೇಶಕ್ಕ ಬಂದದ್ದು 1979ರಾಗ. ಮೇಲಿನವರು ಕೋರ್ಟು ಕಚೇರಿ ಎಲ್ಲಾ ಛಲೋ ಬರದಾರ, ಆದ್ರ ಪ್ರಶ್ನೆ ಕಲ್ಲಿಂದಲ್ಲ. ಮಗಳು ಕೇಳಿದಾಗ ತಾಯಿಗೆ ಉತ್ತರ ಬರಲಿಲ್ಲ, ಪ್ರಶ್ನೆ ಅಲ್ಲಿ ಅದ. ಸಿಟ್ಟಾಗಬ್ಯಾಡ್ರಿ, ಹಿರಿಯ ಅಂತ ಹೇಳ್ತೀನಿ. ಗಣಪತಿ ಯಾಕ ಇಟ್ಟೇವಿ, ಮೂರ್ತಿ ಅಂದ್ರೇನು, ನಿರಾಕಾರ ಅಂದ್ರೇನು, ಇದನ್ನ ಮಗಳಿಗೆ ಆರನೇ ವರ್ಷದಾಗ ಹೇಳಬೇಕಿತ್ತು. ಹೇಳಿದ್ರ ಆ ಕಲ್ಲಿನ ಮುಂದ ಅಕೀನೇ ಗೆಳತಿಗೆ ಉತ್ತರ ಕೊಡ್ತಿದ್ಲು.

ನಾವು ಬಂದಾಗ ಇಲ್ಲಿ ಏನಿತ್ರಿ? ಒಂದು ಅಪಾರ್ಟ್‌ಮೆಂಟಿನ್ಯಾಗ ಫೋಟೋ ಇಟ್ಟು ಸತ್ಯನಾರಾಯಣ ಪೂಜಾ ಮಾಡ್ತಿದ್ವಿ. ಹತ್ತು ಹತ್ತು ಡಾಲರ್ ಕೂಡಿಸಿ ಗುಡಿ ಕಟ್ಟಿದ ಮಂದಿ ನಾವು. ಸರ್ಕಾರದ ಒಂದು ಗೇಣು ಜಾಗ ಕೇಳಲಿಲ್ಲ. ಇವತ್ತು ಶುಗರ್ ಲ್ಯಾಂಡಿನ್ಯಾಗ ತೊಂಬತ್ತು ಅಡಿ ಹನುಮಪ್ಪ ನಿಂತಾನ, 2024ರಾಗ ಪ್ರತಿಷ್ಠಾಪನಾ ಆತು. ಗುಡಿಯ ಸ್ವಂತ ಜಾಗದಾಗ. ಆರಡಿ ಕಲ್ಲಿಗೆ ಯಾಕ ಅಂಜಬೇಕು? ಇದು ಅವರು ಕಟ್ಟಿದ ದೇಶ, ಅವರ ಅಂಗಳ. ನಾವು ಬಂದವರು. ಮೇಲ್ ಗೀಲ್ ಬ್ಯಾಡ. ಮನಿಯೊಳಗ ಗಟ್ಟಿ ಇರ್ರಿ.

ನೇತ್ರಾವತಿ, ಅಟ್ಲಾಂಟಾ

ಹಿರಿಯರ ಮೇಲೆ ಗೌರವ ಉಂಟು, ಆದರೆ "ಅವರ ಅಂಗಳ" ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ನಾವು 2003ರಲ್ಲಿ ಅಲಬಾಮಾದ ಮಾಂಟ್ಗೊಮರಿಯಲ್ಲಿ ಇದ್ದದ್ದು. ಅಲ್ಲಿನ ಮುಖ್ಯ ನ್ಯಾಯಮೂರ್ತಿ ರಾಯ್ ಮೂರ್ ಎರಡು ವರ್ಷ ಮುಂಚೆ ಒಂದು ರಾತ್ರಿ ಎರಡೂವರೆ ಟನ್‌ಗೂ ಹೆಚ್ಚು ತೂಕದ ಹತ್ತು ಆಜ್ಞೆಗಳ ಕಲ್ಲನ್ನು ನ್ಯಾಯಾಲಯದ ಕಟ್ಟಡದ ಒಳಗೇ ತಂದು ಇಡಿಸಿದ್ದರು. ಫೆಡರಲ್ ಕೋರ್ಟು ತೆಗೆಯಿರಿ ಅಂದರೂ ಕೇಳಲಿಲ್ಲ. ಆಗಸ್ಟ್‌ನಲ್ಲಿ ಕಲ್ಲನ್ನು ಅಲ್ಲಿಂದ ಸರಿಸಿದರು, ನವೆಂಬರ್‌ನಲ್ಲಿ ಅವರನ್ನೇ ಹುದ್ದೆಯಿಂದ ಇಳಿಸಿದರು. ಆ ದಿನಗಳಲ್ಲಿ ಮೆಟ್ಟಿಲ ಮೇಲೆ ಮೊಣಕಾಲೂರಿ ಅಳುತ್ತಿದ್ದವರನ್ನು ಟಿವಿಯಲ್ಲಿ ನೋಡಿ ನನಗೆ ಹೆದರಿಕೆ ಆಯಿತು. ಆರು ವರ್ಷದ ಮಗನಿಗೆ, "ಯಾರು ಕೇಳಿದರೂ ನಮ್ಮ ಮನೆಯಲ್ಲಿ ದೇವರ ಕೋಣೆ ಉಂಟು ಅಂತ ಹೇಳಬೇಡ" ಅಂದೆ.

ಅವನು ಆ ಮಾತನ್ನು ಪಾಲಿಸಿದ ಮಾರಾಯ್ರೆ. ಹೈಸ್ಕೂಲು ಮುಗಿಯುವವರೆಗೂ ಒಬ್ಬ ಗೆಳೆಯನನ್ನೂ ಮನೆಗೆ ಕರೆದುಕೊಂಡು ಬರಲಿಲ್ಲ. ಈಗ ಕೇಳಿದರೆ "ನೀನೇ ಅಲ್ವಾ ಹೇಳಿದ್ದು" ಅಂತಾನೆ. ಸುಮ್ಮನಿರಿ ಅನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ರೌಂಡ್ ರಾಕ್‌ನ ಅಕ್ಕ, ನಿಮ್ಮ ಮಗಳು ಕೇಳಿದ್ದಾಳೆ, ಮುಚ್ಚಿಡಲಿಲ್ಲ. ಅದು ದೊಡ್ಡದು.

ಕಲ್ಪತರು ನಾಡು, ಸಿಯಾಟಲ್

ನಾವ್ಯಾಕೆ ನಮ್ಮದೂ ಒಂದು ಇಡಿ ಅಂತ ಕೇಳಬಾರದು? ಟ್ಯಾಕ್ಸ್ ಕಟ್ಟಲ್ವಾ? ಒಕ್ಲಹೋಮಾದಲ್ಲಿ 2012ರಲ್ಲಿ ಹತ್ತು ಆಜ್ಞೆಗಳ ಕಲ್ಲು ನಿಲ್ಲಿಸಿದಾಗ, ನೆವಾಡಾದ ಒಂದು ಹಿಂದೂ ಸಂಘಟನೆ ಅಲ್ಲೇ ಹನುಮಂತನ ಮೂರ್ತಿ ಇಡ್ತೀವಿ ಅಂತ ಅರ್ಜಿ ಹಾಕಿತ್ತು. ಟೆಕ್ಸಸ್‌ನ ಕನ್ನಡ ಸಂಘಗಳೆಲ್ಲ ಸೇರಿ ಒಂದು ಅರ್ಜಿ ಹಾಕಲಿ.

ತುಂಗೆ ದಡ, ಆಸ್ಟಿನ್

ಅರ್ಜಿ ಹಾಕಬಹುದು ಸರ್, ಆದರೆ ಕೊಡಲೇಬೇಕು ಅಂತಿಲ್ಲ. ಯೂಟಾದ ಪ್ಲೆಸೆಂಟ್ ಗ್ರೋವ್ ಊರಿನ ಪಾರ್ಕಿನಲ್ಲಿ ಹತ್ತು ಆಜ್ಞೆಗಳ ಕಲ್ಲಿತ್ತು. ಸಮ್ಮಮ್ ಅನ್ನೋ ಚಿಕ್ಕ ಪಂಥದವರು ನಮ್ಮ ಸೂತ್ರಗಳ ಕಲ್ಲೂ ಇಡಿ ಅಂದರು. ಆಗಲ್ಲ ಅಂತ 2009ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ಜನ ಹೇಳಿದರು. ಪಾರ್ಕಿನ ಖಾಯಂ ಕಲ್ಲು ಸರ್ಕಾರದ ಸ್ವಂತ ಮಾತು, ಯಾವುದು ಇಡಬೇಕು ಅನ್ನೋದು ಸರ್ಕಾರಕ್ಕೆ ಬಿಟ್ಟಿದ್ದು ಅಂತ. ನನಗೆ ಚುಚ್ಚೋದು ಇದೇ. ಕಲ್ಲು ಸರ್ಕಾರದ ಮಾತೇ ಆದರೆ, ಪುಟ್ಟಿ ಕೇಳಿದ್ದರಲ್ಲಿ ತಪ್ಪೇನಿದೆ?

ಒಕ್ಲಹೋಮಾದಲ್ಲಿ ಹನುಮಂತ ಬರಲೇ ಇಲ್ಲ. 2015ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಆ ಕಲ್ಲನ್ನೇ ತೆಗೆಸಿತು, ಸರ್ಕಾರದ ಆಸ್ತಿಯನ್ನ ಯಾವ ಧರ್ಮದ ಉಪಯೋಗಕ್ಕೂ ಕೊಡಬಾರದು ಅಂತ ಅವರ ರಾಜ್ಯದ ಸಂವಿಧಾನದಲ್ಲೇ ಇದೆ. ಮುಂದಿನ ವರ್ಷ ಆ ಸಾಲನ್ನೇ ತೆಗೆಯೋಣವಾ ಅಂತ ಜನರ ಮತ ಕೇಳಿದರು. ಜನ ಬೇಡ ಅಂದರು. ಚರ್ಚಿಗೆ ಹೋಗೋ ಜನರೇ ಹೆಚ್ಚಿರೋ ರಾಜ್ಯ ಅದು.

ಸಂಪಿಗೆ ರೋಡ್, ನ್ಯೂಜೆರ್ಸಿ

ಊರಲ್ಲಿ ನಾವೇನು ಮಾಡ್ತೀವಿ ಅಂತಲೂ ಯೋಚಿಸಿ. ವಿಧಾನಸೌಧದ ಮುಖದ ಮೇಲೇ "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಕೆತ್ತಿದೆ. ಆಯುಧಪೂಜೆಗೆ ಸರ್ಕಾರಿ ಬಸ್ಸಿಗೆ ಬಾಳೆಕಂದು ಕಟ್ಟಿ ಕುಂಬಳಕಾಯಿ ಒಡೀತೀವಿ, ಕಚೇರಿಯಲ್ಲಿ ಫೈಲಿಗೆ ಕುಂಕುಮ ಇಡ್ತೀವಿ. ನಮ್ಮಪ್ಪ ರೆವಿನ್ಯೂ ಇಲಾಖೆಯಲ್ಲಿದ್ದರು. ಅವರ ಆಫೀಸಿನಲ್ಲಿ ಒಬ್ಬ ಮುಸ್ಲಿಂ ಗುಮಾಸ್ತರಿದ್ದರು, ಪ್ರತಿ ವರ್ಷ ಪೂಜೆ ದಿನ ಕಡಲೆಪುರಿ ಇಸ್ಕೊಂಡು ಒಂದು ಮೂಲೆಯಲ್ಲಿ ನಿಂತಿರೋರು. ಅವರಿಗೆ ಏನನ್ನಿಸುತ್ತೆ ಅಂತ ನಾವು ಯಾರೂ ಕೇಳಲಿಲ್ಲ. ಇಲ್ಲಿಗೆ ಬಂದು ನನ್ನ ಮಗ ಕ್ರಿಸ್ಮಸ್ ಹಾಡಿನ ಸಾಲಿನಲ್ಲಿ ಕೊನೆಗೆ ನಿಂತಿದ್ದು ನೋಡಿದಾಗ ಅವರ ಮುಖ ನೆನಪಾಯ್ತು.

ಹಿರಿಯ ಧಾರವಾಡಿಗ, ಹ್ಯೂಸ್ಟನ್

ಎಲ್ಲಿಂದೆಲ್ಲಿಗೆ ಹೋಗ್ತೀರಿ? ವಿಧಾನಸೌಧದ ಮ್ಯಾಲೆ ಬರದದ್ದು ಯಾವ ಧರ್ಮದ ದೇವರು ಅಂತ ಹೇಳಿಲ್ಲ. ಬ್ಯಾರೇ ದೇವರು ಸುಳ್ಳು ಅಂತ ಎಲ್ಲಾದರೂ ಬರದೇವಿ ಏನು? ನಮ್ಮ ಗುಡೀನ ನಮ್ಮ ಸರ್ಕಾರನ ಕೆಡವೇದ. 2021ರಾಗ ನಂಜನಗೂಡ ಹತ್ರ ಹುಚ್ಚಗಣಿ ಮಹದೇವಮ್ಮನ ಗುಡಿ ರಸ್ತೇಕ ಅಡ್ಡ ಅಂತ ಹೊಡದು ಹಾಕಿದ್ರು. ಆಗ ಇವರೆಲ್ಲಾ ಎಲ್ಲಿದ್ರು?

ಸಂಪಿಗೆ ರೋಡ್, ನ್ಯೂಜೆರ್ಸಿ

ರಾಯರೇ, ಅದು ಭಾರತದ ಸುಪ್ರೀಂ ಕೋರ್ಟಿನ 2009ರ ಆದೇಶದ ಮೇಲೆ ಆಗಿದ್ದು. ರಸ್ತೆ, ಪಾರ್ಕು, ಸಾರ್ವಜನಿಕ ಜಾಗದಲ್ಲಿ ದೇವಸ್ಥಾನ, ಮಸೀದಿ, ಚರ್ಚು ಯಾವುದನ್ನೂ ಅನಧಿಕೃತವಾಗಿ ಕಟ್ಟಬಾರದು, ಹಳೆಯವನ್ನ ಒಂದೊಂದಾಗಿ ಪರಿಶೀಲಿಸಿ ಅಂತ ಆದೇಶ. ಆ ಗುಡಿ ಕೆಡವಿದ ಮೇಲೆ ಅದೇ ತಿಂಗಳು ವಿಧಾನಸಭೆಯಲ್ಲಿ ಇಂಥ ಧಾರ್ಮಿಕ ಕಟ್ಟಡಗಳ ರಕ್ಷಣೆಯ ಕಾನೂನೂ ತಂದರು. ಊರಮ್ಮನ ಗುಡಿ ಹೋದಾಗ ಆ ಊರವರು ಅತ್ತಿದ್ದು ನನಗೂ ನೋವಾಗಿದೆ. ಇಲ್ಲಿ ವಿಷಯ ಅದಲ್ಲ.

ಹಿರಿಯ ಧಾರವಾಡಿಗ, ಹ್ಯೂಸ್ಟನ್

ವಿಷಯ ಅದನ. ತಮ್ಮದು ತಾವು ಉಳಿಸ್ಕೊಳ್ಳಲಾರದವರು ಇನ್ನೊಬ್ಬರ ಕಲ್ಲಿಗೆ ಲೆಕ್ಕ ಕೇಳಬಾರದು. ಇಷ್ಟ ನಾ ಹೇಳೂದು.

ಮಂಡ್ಯದವನು, ಫ್ರಿಸ್ಕೊ

ರಾಯರು ಹೇಳಿದ್ದು ನೂರಕ್ಕೆ ನೂರು. ಬಾಲವಿಹಾರ, ಇಲ್ಲಾಂದ್ರೆ ಬೇಸಿಗೆಗೆ ಎರಡು ತಿಂಗಳು ಅಜ್ಜಿ ಮನೆ.

ಕಲ್ಪತರು ನಾಡು, ಸಿಯಾಟಲ್

ನಂಜನಗೂಡಿನ ವಿಷಯದಲ್ಲಿ ರಾಯರೇ ಸರಿ.

ಇಬ್ಬರ ಅಮ್ಮ, ಸ್ಯಾನ್ ಆಂಟೋನಿಯೊ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಕ್ಲಾಸ್‌ರೂಮಿನಲ್ಲೇ ಹಾಕಬೇಕು ಅಂತ ಬಂದ ಪೋಸ್ಟರ್ ಬಗ್ಗೆ ಯಾರಾದರೂ ಹೇಳ್ತೀರಾ? ನಮಗೆ ಅದು ದಿನಾ ಕಣ್ಣ ಮುಂದಿನ ಪ್ರಶ್ನೆ.

ತುಂಗೆ ದಡ, ಆಸ್ಟಿನ್

ಅದು ಸೆನೆಟ್ ಬಿಲ್ 10. 2025ರ ಜೂನ್‌ನಲ್ಲಿ ಗವರ್ನರ್ ಸಹಿ ಆಯ್ತು. ಪ್ರತಿ ಸರ್ಕಾರಿ ಶಾಲೆಯ ಪ್ರತಿ ತರಗತಿಯಲ್ಲೂ ಕನಿಷ್ಠ 16 ಅಂಗುಲ ಅಗಲ, 20 ಅಂಗುಲ ಎತ್ತರದ ಹತ್ತು ಆಜ್ಞೆಗಳ ಪೋಸ್ಟರ್ ಹಾಕಬೇಕು ಅಂತ. ಇಂಥದ್ದೇ ಕೆಂಟಕಿ ಕಾನೂನನ್ನ 1980ರಲ್ಲಿ ಸುಪ್ರೀಂ ಕೋರ್ಟು ಹೊಡೆದುಹಾಕಿತ್ತು. ಟೆಕ್ಸಸ್ ಕಾನೂನಿನ ಮೇಲೆ ಕೇಸು ಹಾಕಿದ ಕುಟುಂಬಗಳಲ್ಲಿ ಕ್ರೈಸ್ತರು, ಯಹೂದಿಗಳ ಜೊತೆ ಹಿಂದೂಗಳೂ ಇದ್ದಾರೆ. ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಈಗ ಏನು ಜಾರಿಯಲ್ಲಿದೆ ಅಂತ ಸ್ಕೂಲ್ ಬೋರ್ಡಿಗೇ ಬರೆದು ಕೇಳಿ. ಬರಹದಲ್ಲಿ ಉತ್ತರ ಇಸ್ಕೊಳ್ಳಿ.

"ಅವರ ದೇಶ, ಅವರ ಅಂಗಳ" ಅನ್ನೋರಿಗೂ ಒಂದು ಮಾತು. ಧರ್ಮಕ್ಕೂ ಸರ್ಕಾರಕ್ಕೂ ನಡುವೆ ಗೋಡೆ ಇರಬೇಕು ಅಂತ 1802ರಲ್ಲಿ ಆಗಿನ ಅಧ್ಯಕ್ಷ ಜೆಫರ್ಸನ್ ಬರೆದದ್ದು ಕನೆಕ್ಟಿಕಟ್‌ನ ಡ್ಯಾನ್‌ಬರಿ ಅನ್ನೋ ಊರಿನ ಬ್ಯಾಪ್ಟಿಸ್ಟ್ ಪಂಗಡದ ಕ್ರೈಸ್ತರಿಗೆ. ಅಲ್ಲಿ ಬೇರೆ ಪಂಗಡದ ಚರ್ಚಿಗೆ ಸರ್ಕಾರದ ಬೆಂಬಲ ಇತ್ತು, ಇವರು ಅಲ್ಪಸಂಖ್ಯಾತರು. ಗೋಡೆ ಬೇಕು ಅಂತ ಕೇಳಿದವರಲ್ಲಿ ಕ್ರೈಸ್ತರೂ ಇದ್ದರು.

ಹಿರಿಯ ಧಾರವಾಡಿಗ, ಹ್ಯೂಸ್ಟನ್

ಮೊಮ್ಮಗಳು ನನಗ ಫೋನಿನ್ಯಾಗ ಇಂಗ್ಲಿಷಿನಾಗ ಮಾತಾಡ್ತಾಳ. ಮಗಾ ಗುಡಿಗೆ ಬರೂದು ಬಿಟ್ಟು ಹನ್ನೆರಡು ವರ್ಷ ಆತು. ಗುಡಿ ಕಟ್ಟಲಿಕ್ಕೆ ಶನಿವಾರ ಭಾನುವಾರ ಎಲ್ಲಾ ನಾ ಅಲ್ಲೇ ಇರ್ತಿದ್ದೆ, ಅಂವನ ಜೋಡಿ ಕೂತು ಒಂದು ಕತಿ ಹೇಳಲಿಲ್ಲ. ಅದಕ್ಕ ಹೇಳಾಕತ್ತೇನಿ ತಂಗೀ, ಕೋರ್ಟು ಕೋರ್ಟು ಅನಬ್ಯಾಡ್ರಿ. ಮಗಳ ಜೋಡಿ ಕೂಡ್ರಿ.

ಕಾವೇರಿ ಸೀಮೆ, ರೌಂಡ್ ರಾಕ್

ಎಲ್ಲರಿಗೂ ಥ್ಯಾಂಕ್ಸ್. ಅಂಕಲ್, ನಿಮ್ಮ ಕೊನೆಯ ಮಾತು ಮನಸ್ಸಿಗೆ ನಾಟಿತು. ಮೇಲ್ ಬೇಡ ಅಂದಿದ್ದನ್ನ ಮಾತ್ರ ಕೇಳಲಿಲ್ಲ. ನಿನ್ನೆ ರಾತ್ರಿ ತುಂಗೆ ದಡದ ಮೇಡಂ ಹೇಳಿದ ಹಾಗೆ ನಾಲ್ಕು ಸಾಲು ಬರೆದು ಕಳಿಸಿದೆ, ಕಳಿಸೋ ಮುಂಚೆ ನಮ್ಮನೆಯವರೇ ಓದಿ ಒಂದು ಪದ ತಿದ್ದಿದ್ರು. ಟೀಚರ್ ಬೆಳಿಗ್ಗೆ ಉತ್ತರ ಕೊಟ್ಟಿದ್ದಾರೆ, ಸೋಮವಾರ ಫಸ್ಟ್ ಅಮೆಂಡ್‌ಮೆಂಟ್ ಬಗ್ಗೆ ಹತ್ತು ನಿಮಿಷ ಮಾತಾಡ್ತಾರಂತೆ.

ಮಗಳಿಗೆ "ಕಾನೂನು ಪ್ರಕಾರ ತಪ್ಪಲ್ಲ" ಅಂದೆ. "ಹಾಗಾದ್ರೆ ಕಲ್ಲಲ್ಲಿ ಯಾಕೆ ಹಾಗೇ ಬಿಟ್ಟಿದ್ದಾರೆ?" ಅಂತ ಕೇಳಿದಳು. ವಾನ್ ಆರ್ಡನ್ ಕತೆ ಹೇಳಿದೆ. ಮನೆ ಇಲ್ಲದವರು ಸುಪ್ರೀಂ ಕೋರ್ಟ್‌ಗೆ ಹೋಗಬಹುದಾ ಅಂತ ಮೂರು ಸಲ ಕೇಳಿದಳು. ಶನಿವಾರ ಆ ಲೈಬ್ರರಿ ಎಲ್ಲಿದೆ ತೋರಿಸು ಅಂತ ಹಟ ಹಿಡಿದಿದ್ದಾಳೆ. ಮೇಡಂ, ಅಲ್ಲಿ ವಾರಾಂತ್ಯದಲ್ಲಿ ಕಾರು ಎಲ್ಲಿ ನಿಲ್ಲಿಸ್ತೀರಾ?