ಬಿಜಗ ಗೋಧಿ ಕಾಳಲ್ಲಿ ಬಿಳಿ ಮಚ್ಚೆ: ಕಾರಣ ಏನು?

ಎರೆಹೊಲ, ಕುಷ್ಟಗಿ: ಬೋರ್‌ವೆಲ್ ನೀರಿನ ಎರೆ ಜಮೀನು. ಹತ್ತಿ ಕಿತ್ತು ಡಿಸೆಂಬರ್ 10ಕ್ಕೆ ಬಿಜಗ (ರವೆಗೆ ಬಳಸೋ ಗಟ್ಟಿ ಗೋಧಿ) ಬಿತ್ತಿದ್ದು. ಅರ್ಧ ಕಾಳು ಹೊಳಪಿಲ್ಲದೆ ಬಿಳುಚಿವೆ, ಕೆಲವು ಜೊಳ್ಳು. ರವೆಗೆ ನಡೆಯಲ್ಲ ಅಂತ ದಲಾಲರು ದರ ಇಳಿಸ್ತಿದ್ದಾರೆ.

ಕೂರಿಗೆ: ಇವು ಎರಡು ಬೇರೆ ತೊಂದರೆ ರೀ. ಬಿಳಿ ಮಚ್ಚೆ ಬರೋದು ಕಾಳು ತುಂಬುವಾಗ ಸಾರಜನಕ ಸಾಲದಿದ್ದಾಗ. ಪ್ರೋಟೀನ್ ಇಳಿದು ಕಾಳು ಹಿಟ್ಟುಹಿಟ್ಟಾಗುತ್ತೆ. ಕೊನೆಗೆ ನೀರು ಹೆಚ್ಚಾದರೂ ಇದೇ ಪಾಡು. ಕಾಳು ಅಡ್ಡ ಕತ್ತರಿಸಿ ನೋಡಿ: ಒಳ್ಳೆ ಬಿಜಗ ಗಾಜಿನಂತೆ ಕಾಣಬೇಕು. ಯೂರಿಯಾ ಪೂರ್ತಿ ಬಿತ್ತುವಾಗಲೇ ಹಾಕಬೇಡಿ. ಅರ್ಧ ಆಗ, ಉಳಿದರ್ಧ 21ನೇ ದಿನದ ನೀರಿನ ಜೊತೆ. ಆ ನೀರು ಮಾತ್ರ ತಪ್ಪಿಸಲೇಬಾರದು, ಮುಕುಟ ಬೇರು (ಕಾಂಡದ ಬುಡದಿಂದ ಬರೋ ಮುಖ್ಯ ಬೇರು) ಬಿಡೋದು ಆಗಲೇ. ತೆನೆ ಬಂದ ಮೇಲೆ ಶೇ 2ರ ಯೂರಿಯಾ, ಅಂದರೆ 16 ಲೀಟರ್ ಟ್ಯಾಂಕಿಗೆ 320 ಗ್ರಾಂ, ಸಂಜೆ ಹೊತ್ತು ಸಿಂಪಡಿಸಿ.

ಮಸಾರಿ, ಸಿಂಧನೂರು: ಜೊಳ್ಳಿಗೆ ಕಾರಣ ತಡ ಬಿತ್ತನೆ. ಫೆಬ್ರುವರಿ ಕೊನೆಗೆ ನಮ್ಮ ಕಡೆ ಬಿಸಿಲು ಏರುತ್ತೆ, ಕಾಳು ತುಂಬೋ ಮೊದಲೇ ಪೈರು ಒಣಗುತ್ತೆ. ನವೆಂಬರ್ 15ರೊಳಗೆ ಬಿತ್ತಿ. ಡಿಸೆಂಬರ್‌ವರೆಗೂ ಹತ್ತಿ ನಿಲ್ಲಿಸಿಕೊಂಡು ಬಿಜಗ ಹಾಕೋದು, ನನ್ನ ಕೇಳಿದರೆ, ದಂಡ.

ಕೂರಿಗೆ: ಒಪ್ಪಿದೆ. ಬಿಜಗದ ಬದಲು ಜವೆ ಗೋಧಿ ಹಾಕಿದರೆ ಅದು ಬಿಸಿಲು, ತುಕ್ಕು ರೋಗ ಸ್ವಲ್ಪ ಹೆಚ್ಚು ತಡೆಯುತ್ತೆ. ಆದರೆ ಒಕ್ಕಿದರೂ ಸಿಪ್ಪೆ ಬಿಡಲ್ಲ. ಸಿಪ್ಪೆ ತೆಗೆಯೋ ಮಿಲ್ಲು ಹತ್ತಿರ ಇದೆಯಾ, ಮೊದಲು ನೋಡಿಕೊಳ್ಳಿ.